ವೀರ್ಯಾಣುವಿನ ಓಟವೂ ವಿಜ್ಞಾನದ ಪುಟವೂ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕನ್ನಡ ದಿನಪತ್ರಿಕೆಗಳ ವಿಜ್ಞಾನ ಪುಟಗಳಲ್ಲೂ ಆರೋಗ್ಯ ಪುರವಣಿಗಳಲ್ಲೂ ಕೆಲವು ವರ್ಷಗಳಿಂದ ಮನುಷ್ಯರ ಲೈಂಗಿಕತೆಯನ್ನು ಕುರಿತ ಬರಹಗಳು ಹೆಚ್ಚಾಗಿ ಬರುತ್ತಿವೆ. ಪದವಿಪೂರ್ವ ಕಾಲೇಜಿನಲ್ಲಿ ಬಹುಕಾಲ ಜೀವಶಾಸ್ತ್ರ ಪಾಠ ಮಾಡಿದವಳಾಗಿ ನಾನು ಇದನ್ನು ಮನಸಾರೆ ಸ್ವಾಗತಿಸುತ್ತೇನೆ. ಸಂತಾನೋತ್ಪತ್ತಿಯ ಅಧ್ಯಾಯ ಬಂದೊಡನೆ ‘ಇದನ್ನು ನೀವೇ ಓದಿಕೊಳ್ಳಿ’ ಎಂದು ಮುಂದಿನ ಪಾಠಕ್ಕೆ ಹೋಗಿಬಿಡುವ ತರಗತಿಗಳು ನಮ್ಮಲ್ಲಿ ಕಡಿಮೆಯೇನಿಲ್ಲ. 2007ರ ಸುಮಾರಿಗೆ ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಬೇಡವೆಂದು ತಡೆಹಿಡಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. ಮನೆಯಲ್ಲೂ ಶಾಲೆಯಲ್ಲೂ ಬಾಯಿಬಿಟ್ಟು ಕೇಳಲಾಗದ್ದನ್ನು ಹದಿಹರೆಯದವರು ಪತ್ರಿಕೆಯಲ್ಲಿ ಓದಿ ತಿಳಿದುಕೊಳ್ಳುತ್ತಾರೆ, ಅಲ್ಲಿ ಅಚ್ಚಾದದ್ದನ್ನು ನಂಬುತ್ತಾರೆ. ಆದ್ದರಿಂದಲೇ ಈ ಬರಹಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ದೋಷವನ್ನು ತಮ್ಮ ಗಮನಕ್ಕೆ ತರಬೇಕೆನಿಸಿತು. ನಮ್ಮ ಸಮಾಜದ ರೂಢಿಯನ್ನು ಮೊದಲು ಜೀವಕೋಶದ ಮೇಲೋ ಪ್ರಾಣಿಯ ಮೇಲೋ ಹೊರಿಸಿ, ಆಮೇಲೆ ಅದೇ ರೂಢಿಯನ್ನು ಅಲ್ಲಿಂದ ಎತ್ತಿ ತಂದು ‘ಇದು ಪ್ರಕೃತಿಯ ನಿಯಮ’ ಎಂದು ಓದುಗರ ಮುಂದಿಡುವುದೇ ಆ ದೋಷ.

ಗರ್ಭಧಾರಣೆಯ ಕುರಿತ ಲೇಖನಗಳನ್ನೇ ನೋಡಿ. ಜೊತೆಗೆ ಹಾಕುವ ಚಿತ್ರ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ನಡುವೆ ನಸುಗೆಂಪು ಬಣ್ಣದ, ದುಂಡಗಿನ, ಕದಲದೆ ಕುಳಿತ ಅಂಡಾಣು. ಸುತ್ತಲೂ ಬಾಲವಾಡಿಸುತ್ತ ಮುನ್ನುಗ್ಗುವ ನೀಲಿ ವೀರ್ಯಾಣುಗಳ ದಂಡು. ಚಿತ್ರಕ್ಕೆ ತಕ್ಕಂತೆ ಬರಹದಲ್ಲಿಯೂ ಓಟ, ಪೈಪೋಟಿ, ದಾಳಿ, ಕೊನೆಗೆ ಒಬ್ಬ ವೀರನ ಗೆಲುವು. ವ್ಯಕ್ತಿತ್ವ ವಿಕಸನದ ಅಂಕಣಗಳಂತೂ ‘ಹುಟ್ಟುವ ಮೊದಲೇ ಕೋಟ್ಯಂತರ ಸ್ಪರ್ಧಿಗಳನ್ನು ಸೋಲಿಸಿದವರು ನೀವು’ ಎಂದು ವಿದ್ಯಾರ್ಥಿಗಳನ್ನು ಹುರಿದುಂಬಿಸುವುದಕ್ಕೂ ಈ ಕಥೆಯನ್ನು ಬಳಸುತ್ತವೆ. ಇದನ್ನು ಓದಿದ ಹುಡುಗಿಗೆ ತನ್ನ ದೇಹದ ಪಾಲೆಂದರೆ ಕಾಯುತ್ತ ಕೂರುವುದಷ್ಟೇ ಎಂಬ ಭಾವನೆ ಬಂದರೆ ಅದು ಅವಳ ತಪ್ಪಲ್ಲ.

ದೇಹದೊಳಗೆ ನಡೆಯುವುದು ಬೇರೆಯೇ. ಸ್ಖಲಿಸಿದ ಕೋಟಿಗಟ್ಟಲೆ ವೀರ್ಯಾಣುಗಳಲ್ಲಿ ಅಂಡನಾಳದಲ್ಲಿ ಅಂಡಾಣು ಇರುವ ಜಾಗದ ಸಮೀಪಕ್ಕೆ ತಲುಪುವವು ಕೆಲವು ನೂರು ಮಾತ್ರ, ಮತ್ತು ಅವು ತಲುಪುವುದು ಕೇವಲ ತಮ್ಮ ಈಜಿನ ಬಲದಿಂದಲ್ಲ. ತಿಂಗಳ ಹೆಚ್ಚಿನ ದಿನಗಳಲ್ಲಿ ಮಂದವಾಗಿ ದಾರಿ ಮುಚ್ಚಿರುವ ಗರ್ಭಕೋಶದ ಕೊರಳಿನ ಲೋಳೆ, ಅಂಡ ಬಿಡುಗಡೆಯಾಗುವ ಸಮಯಕ್ಕೆ ತೆಳುವಾಗಿ ದಾರಿ ಕೊಡುತ್ತದೆ. ಗರ್ಭಕೋಶದ ಮತ್ತು ಅಂಡನಾಳದ ಸ್ನಾಯುಗಳು ಸಂಕುಚಿಸಿ ಅವುಗಳನ್ನು ಸಾಗಿಸಲು ನೆರವಾಗುತ್ತವೆ. ಅಂಡನಾಳದ ಒಳಪದರ ಅವುಗಳಲ್ಲಿ ಕೆಲವನ್ನು ಹಿಡಿದಿಟ್ಟುಕೊಂಡು ಆಮೇಲೆ ಬಿಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹೊಸದಾಗಿ ಬಂದ ವೀರ್ಯಾಣುವಿಗೆ ಅಂಡಾಣುವಿನೊಡನೆ ಕೂಡುವ ಸಾಮರ್ಥ್ಯವೇ ಇರುವುದಿಲ್ಲ. ಹೆಣ್ಣಿನ ಜನನಾಂಗದ ದ್ರವಗಳಲ್ಲಿ ಕೆಲವು ಗಂಟೆ ಕಳೆದ ಮೇಲಷ್ಟೇ ಅದರ ಹೊರಪೊರೆ ಬದಲಾಗಿ ಆ ಸಾಮರ್ಥ್ಯ ಬರುತ್ತದೆ. ಅಮೆರಿಕದಲ್ಲಿ ಎಂ.ಸಿ. ಚಾಂಗ್ ಮತ್ತು ಆಸ್ಟ್ರೇಲಿಯಾದಲ್ಲಿ ಕಾಲಿನ್ ಆಸ್ಟಿನ್ ಇದನ್ನು 1951ರಲ್ಲೇ ಬೇರೆಬೇರೆಯಾಗಿ ಕಂಡುಹಿಡಿದರು. ಇದು ತಿಳಿಯದೆ ಇದ್ದಿದ್ದರೆ ಇಂದು ಜಿಲ್ಲಾ ಕೇಂದ್ರಗಳವರೆಗೂ ಬಂದಿರುವ ಪ್ರಣಾಳ ಶಿಶು ಚಿಕಿತ್ಸೆ ಸಾಧ್ಯವಾಗುತ್ತಿರಲಿಲ್ಲ. ಅಂಡಾಣುವಿನ ಸುತ್ತಲಿನ ಕೋಶಗಳು ಸ್ರವಿಸುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ವೀರ್ಯಾಣುವಿನ ಬಾಲದ ಕ್ಯಾಲ್ಸಿಯಂ ದ್ವಾರಗಳನ್ನು ನೇರವಾಗಿ ತೆರೆಯುತ್ತದೆ ಎಂಬುದನ್ನು 2011ರಲ್ಲಿ ಎರಡು ತಂಡಗಳು ತೋರಿಸಿದವು. ಹೀಗಿರುವಾಗ ಮೊದಲು ಓಡಿ ಬಂದವನಿಗೇ ಬಹುಮಾನ ಎಂಬ ಮಾತಿಗೆ ಆಧಾರವೆಲ್ಲಿದೆ?

ಈ ಬಗೆಯ ವರ್ಣನೆಯನ್ನು ಪ್ರಶ್ನಿಸಿದವರಲ್ಲಿ ನಾನು ಮೊದಲಿಗಳೇನಲ್ಲ. ಅಮೆರಿಕದ ಮಾನವಶಾಸ್ತ್ರಜ್ಞೆ ಎಮಿಲಿ ಮಾರ್ಟಿನ್ 1991ರಲ್ಲಿ ವೈದ್ಯಕೀಯ ಮತ್ತು ಜೀವಶಾಸ್ತ್ರದ ಪಠ್ಯಗಳನ್ನು ಸಾಲುಸಾಲಾಗಿ ಪರಿಶೀಲಿಸಿ ಬರೆದ ಪ್ರಬಂಧದಲ್ಲಿ, ಪುರುಷನ ದೇಹದಲ್ಲಿ ದಿನಕ್ಕೆ ಕೋಟಿಗಟ್ಟಲೆ ವೀರ್ಯಾಣು ತಯಾರಾಗುವುದನ್ನು ಬೆರಗಿನಿಂದ ಹೊಗಳುವ ಪುಸ್ತಕಗಳೇ ಮುಟ್ಟನ್ನು ನಷ್ಟವೆಂದೂ, ಅಂಡಾಶಯದಲ್ಲಿ ಅಂಡಾಣುಗಳು ನಶಿಸುವುದನ್ನು ವ್ಯರ್ಥವೆಂದೂ ವರ್ಣಿಸುವುದನ್ನು ತೋರಿಸಿಕೊಟ್ಟರು. ವ್ಯರ್ಥದ ಲೆಕ್ಕವನ್ನೇ ಹಿಡಿಯುವುದಾದರೆ ಒಂದು ಮಗುವಿಗೆ ಖರ್ಚಾಗುವ ವೀರ್ಯಾಣುಗಳ ಸಂಖ್ಯೆ ಎಷ್ಟೆಂದು ಯಾವ ಪುಸ್ತಕವೂ ಕೇಳಿರಲಿಲ್ಲ. ವೀರ್ಯಾಣುವಿನ ಮುನ್ನುಗ್ಗುವ ಬಲ ಬಹಳ ಕಡಿಮೆ, ಅದನ್ನು ಹಿಡಿದು ನಿಲ್ಲಿಸುವುದು ಅಂಡಾಣುವಿನ ಹೊರಪದರವೇ ಎಂದು ಪ್ರಯೋಗಾಲಯದಲ್ಲಿ ಕಂಡುಕೊಂಡ ಸಂಶೋಧಕರೂ ತಮ್ಮ ಬರವಣಿಗೆಯಲ್ಲಿ ಮತ್ತೆ ದಾಳಿಯ ಮಾತಿಗೇ ಮರಳಿದ್ದನ್ನು ಅವರು ಗುರುತಿಸಿದರು. ಈ ಕಥೆಯನ್ನು ತಿರುಗುಮುರುಗಾಗಿಸಿ ಅಂಡಾಣುವನ್ನು ಬಲೆ ಬೀಸಿ ಕೂತ ಜೇಡದಂತೆ ತೋರಿಸುವುದೂ ಅಷ್ಟೇ ತಪ್ಪು ಎಂದು ಅವರು ಆಗಲೇ ಎಚ್ಚರಿಸಿದ್ದರು. 2020ರಲ್ಲಿ ಸ್ಟಾಕ್‌ಹೋಮ್ ಮತ್ತು ಮ್ಯಾಂಚೆಸ್ಟರಿನ ಸಂಶೋಧಕರು, ಒಬ್ಬ ಮಹಿಳೆಯ ಅಂಡಕೋಶದ ದ್ರವ ಕೆಲವು ಪುರುಷರ ವೀರ್ಯಾಣುಗಳನ್ನು ಹೆಚ್ಚಾಗಿಯೂ ಕೆಲವರದನ್ನು ಕಡಿಮೆಯಾಗಿಯೂ ಸೆಳೆಯುತ್ತದೆ ಎಂದು ವರದಿ ಮಾಡಿದಾಗ, ಜಗತ್ತಿನ ಮಾಧ್ಯಮಗಳು ಅಂಡಾಣುವೇ ತನಗೆ ಬೇಕಾದವನನ್ನು ಆರಿಸಿಕೊಳ್ಳುತ್ತದೆ ಎಂದು ಸಾರಿದವು. ಆ ದ್ರವ ಹೆಚ್ಚಾಗಿ ಸೆಳೆದದ್ದು ಆಕೆಯ ಸಂಗಾತಿಯ ವೀರ್ಯಾಣುಗಳನ್ನೇ ಎಂದೇನೂ ಇರಲಿಲ್ಲ ಎಂಬ ಸಂಗತಿ, ಅಂದರೆ ಮನಸ್ಸಿನ ಆಯ್ಕೆಗೂ ಈ ರಾಸಾಯನಿಕ ಸೆಳೆತಕ್ಕೂ ನಂಟಿಲ್ಲ ಎಂಬುದನ್ನು ಸೂಚಿಸುವ ಮುಖ್ಯ ಸಂಗತಿ, ಶೀರ್ಷಿಕೆಯ ಅಬ್ಬರದಲ್ಲಿ ಮುಚ್ಚಿಹೋಯಿತು.

ಇದೆಲ್ಲ ಬರೀ ಅಲಂಕಾರದ ಮಾತು, ಇದರಿಂದ ಯಾರಿಗೇನು ಹಾನಿ ಎಂದು ಯಾರಾದರೂ ಕೇಳಬಹುದು. ಹಾನಿ ಎಲ್ಲಿದೆ ಎಂದು ಹೇಳುತ್ತೇನೆ. ಗಂಡು ಮಗು ಬೇಕಾದರೆ ಅಂಡ ಬಿಡುಗಡೆಯಾಗುವ ದಿನಕ್ಕೆ ಹತ್ತಿರವಾಗಿ ಕೂಡಬೇಕು, ಏಕೆಂದರೆ ಗಂಡು ಮಗುವಿಗೆ ಕಾರಣವಾಗುವ ವೈ ವರ್ಣತಂತು ಹೊತ್ತ ವೀರ್ಯಾಣು ಹಗುರ ಮತ್ತು ಚುರುಕು, ಹೆಣ್ಣು ಮಗುವಿಗೆ ಕಾರಣವಾಗುವ ಎಕ್ಸ್ ಹೊತ್ತದ್ದು ನಿಧಾನ ಆದರೆ ಹೆಚ್ಚು ಕಾಲ ಬದುಕುತ್ತದೆ ಎಂಬ ಸಲಹೆ ಕನ್ನಡದ ಆರೋಗ್ಯ ಬರಹಗಳಲ್ಲೂ ಯೂಟ್ಯೂಬ್ ವಾಹಿನಿಗಳಲ್ಲೂ ಇಂದಿಗೂ ವಿಜ್ಞಾನದ ವೇಷದಲ್ಲಿ ಓಡಾಡುತ್ತಿದೆ. ಚುರುಕಾದ ಗಂಡು, ನಿಧಾನವಾದರೂ ತಾಳಿಕೊಳ್ಳುವ ಹೆಣ್ಣು: ನಮ್ಮ ಮನೆಗಳಲ್ಲಿ ಗಂಡು ಹೆಣ್ಣಿನ ಬಗ್ಗೆ ಏನನ್ನು ನಂಬಿಕೊಂಡು ಬಂದಿದ್ದೇವೆಯೋ ಅದನ್ನೇ ತೆಗೆದು ವರ್ಣತಂತುವಿಗೆ ಅಂಟಿಸಿದ್ದೇವೆ. ಈ ವಾದವನ್ನು ಪ್ರಚಾರಕ್ಕೆ ತಂದವರು ಅಮೆರಿಕದ ವೈದ್ಯ ಲ್ಯಾಂಡ್ರಮ್ ಶೆಟಲ್ಸ್. ಕಂಪ್ಯೂಟರಿನ ಸಹಾಯದಿಂದ ವೀರ್ಯಾಣುಗಳ ಚಲನೆಯನ್ನು ಅಳೆಯುವ ವಿಧಾನ ಬಂದ ಮೇಲೆ ಎರಡು ಬಗೆಯ ವೀರ್ಯಾಣುಗಳ ವೇಗದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. 1995ರಲ್ಲಿ ಆಲನ್ ವಿಲ್ಕಾಕ್ಸ್ ಮತ್ತು ಸಂಗಡಿಗರು, ಗರ್ಭಿಣಿಯಾಗಬೇಕೆಂದು ಬಯಸಿದ್ದ 221 ಮಹಿಳೆಯರ ಹಾರ್ಮೋನುಗಳನ್ನು ದಿನದಿನವೂ ಪರೀಕ್ಷಿಸಿ ಪ್ರಕಟಿಸಿದ ಅಧ್ಯಯನದಲ್ಲಿ, ಕೂಡಿದ ದಿನಕ್ಕೂ ಹುಟ್ಟಿದ ಮಗುವಿನ ಲಿಂಗಕ್ಕೂ ಸಂಬಂಧವೇ ಕಂಡುಬರಲಿಲ್ಲ.

ಆದರೂ ಎರಡನೆಯ ಹೆಣ್ಣು ಮಗುವಾದ ಮೇಲೆ ಸೊಸೆಯನ್ನು ‘ದಿನ ಸರಿಯಾಗಿ ಲೆಕ್ಕ ಹಾಕಲಿಲ್ಲ’ ಎಂದು ಹಂಗಿಸುವ ಅತ್ತೆಗೆ ಪತ್ರಿಕೆಯ ತುಣುಕೇ ಸಾಕ್ಷಿಯಾಗುತ್ತದೆ. ಇದಕ್ಕೆ ಮದ್ದೆಂದು ಪ್ರಗತಿಪರ ಲೇಖಕರು ‘ಮಗುವಿನ ಲಿಂಗವನ್ನು ನಿರ್ಧರಿಸುವುದು ತಂದೆ’ ಎಂದು ಬರೆಯುತ್ತಾರೆ. ಹೆಣ್ಣಿನ ಮೇಲಿನ ಆರೋಪವನ್ನು ಇಳಿಸುವ ಅವರ ಉದ್ದೇಶವನ್ನು ನಾನು ಗೌರವಿಸುತ್ತೇನೆ. ಆದರೆ ತಂದೆಯೂ ನಿರ್ಧರಿಸುವುದಿಲ್ಲ. ಆತನ ವೀರ್ಯಾಣುಗಳಲ್ಲಿ ಹೆಚ್ಚುಕಡಿಮೆ ಅರ್ಧ ಎಕ್ಸ್, ಅರ್ಧ ವೈ ಹೊತ್ತಿರುತ್ತವೆ, ಯಾವುದು ಕೂಡುತ್ತದೆ ಎಂಬುದು ಯಾರ ಕೈಯಲ್ಲೂ ಇಲ್ಲ. ತಪ್ಪಿತಸ್ಥರನ್ನು ಬದಲಾಯಿಸುವ ಬದಲು ಇಲ್ಲಿ ತಪ್ಪೇ ಇಲ್ಲ ಎಂದು ಹೇಳುವ ಧೈರ್ಯ ಬೇಕು. ಗರ್ಭಧಾರಣೆಗೆ ಮೊದಲು ಲಿಂಗವನ್ನು ಆಯ್ಕೆ ಮಾಡುವುದನ್ನೂ ಒಳಗೊಳ್ಳುವಂತೆ 1994ರ ಲಿಂಗಪತ್ತೆ ನಿಷೇಧ ಕಾಯ್ದೆಯನ್ನು 2003ರಲ್ಲಿ ತಿದ್ದುಪಡಿ ಮಾಡಲಾಗಿದೆ. ವೈಜ್ಞಾನಿಕವೇ ಆಗಿರಲಿ, ಬೇರೆ ಯಾವುದೇ ಆಗಿರಲಿ, ಅಂಥ ವಿಧಾನಗಳ ಜಾಹೀರಾತನ್ನು ಅದರ 22ನೆಯ ಸೆಕ್ಷನ್ ನಿಷೇಧಿಸುತ್ತದೆ. ಜಾಹೀರಾತಿಗೆ ಇಲ್ಲದ ಅವಕಾಶ ಸಲಹೆಯ ಅಂಕಣಕ್ಕೆ ಇರಬೇಕೇ ಎಂಬುದನ್ನು ಸಂಪಾದಕರೆಲ್ಲರೂ ಯೋಚಿಸಬೇಕು.

ಪ್ರಾಣಿಗಳ ಉದಾಹರಣೆಗೆ ಬರುತ್ತೇನೆ. ಗಂಡು ಸ್ವಭಾವತಃ ಚಂಚಲ, ಹೆಣ್ಣು ಸ್ವಭಾವತಃ ಸಂಯಮಿ ಎಂಬ ವಾಕ್ಯ ‘ವಿಕಾಸವಾದ ಹೇಳುತ್ತದೆ’ ಎಂಬ ಮುನ್ನುಡಿಯೊಂದಿಗೆ ಎಷ್ಟು ಲೇಖನಗಳಲ್ಲಿ ಬಂದಿಲ್ಲ! ಅದರ ಬೇರು ಇರುವುದು ಆಂಗಸ್ ಬೇಟ್‌ಮನ್ 1948ರಲ್ಲಿ ಇಂಗ್ಲೆಂಡಿನಲ್ಲಿ ಹಣ್ಣುನೊಣಗಳ ಮೇಲೆ ನಡೆಸಿದ ಪ್ರಯೋಗದಲ್ಲಿ. ಡಿಎನ್ಎ ಪರೀಕ್ಷೆ ಇಲ್ಲದ ಕಾಲವಾದ್ದರಿಂದ ಅವರು ಮಡಚಿದ ರೆಕ್ಕೆ, ವಿಚಿತ್ರ ಕಣ್ಣು ಮುಂತಾದ ಎದ್ದುಕಾಣುವ ವಿಕೃತಿಗಳಿದ್ದ ನೊಣಗಳನ್ನು ಒಟ್ಟಿಗೆ ಬಿಟ್ಟು, ಮರಿಗಳ ಮೇಲಿನ ಗುರುತು ನೋಡಿ ತಂದೆತಾಯಿಯನ್ನು ಪತ್ತೆಮಾಡಿದರು. ಹೆಚ್ಚು ಸಂಗಾತಿಗಳಿದ್ದಷ್ಟೂ ಗಂಡಿಗೆ ಸಂತಾನ ಹೆಚ್ಚು, ಹೆಣ್ಣಿಗೆ ಅಂಥ ಲಾಭವಿಲ್ಲ ಎಂಬುದು ಅವರ ತೀರ್ಮಾನ. 1972ರಲ್ಲಿ ರಾಬರ್ಟ್ ಟ್ರಿವರ್ಸ್ ಅದನ್ನು ಎತ್ತಿಕೊಂಡ ಮೇಲೆ ಅದು ಪಠ್ಯಪುಸ್ತಕಗಳ ಸೂತ್ರವಾಯಿತು. 2012ರಲ್ಲಿ ಪೆಟ್ರೀಷಿಯಾ ಗೋವಾಟಿ ಮತ್ತು ಸಂಗಡಿಗರು ಅದೇ ಪ್ರಯೋಗವನ್ನು ಮತ್ತೆ ಮಾಡಿದಾಗ ಗೊತ್ತಾದದ್ದೇನೆಂದರೆ, ತಂದೆಯಿಂದೊಂದು ತಾಯಿಯಿಂದೊಂದು ವಿಕೃತಿ ಪಡೆದ ಎಷ್ಟೋ ಮರಿಗಳು ಎಣಿಕೆಗೆ ಸಿಗುವ ಮೊದಲೇ ಸಾಯುತ್ತಿದ್ದವು, ಲೆಕ್ಕವೇ ವಾಲಿತ್ತು. ಆರು ದಶಕಗಳ ಕಾಲ ಯಾರೂ ಆ ಪ್ರಯೋಗವನ್ನು ಅದೇ ರೀತಿಯಲ್ಲಿ ಮರುಪರಿಶೀಲಿಸಲಿಲ್ಲ. ಎಲ್ಲರಿಗೂ ಮೊದಲೇ ಸರಿಯೆನಿಸಿದ್ದ ಮಾತನ್ನು ಅದು ಹೇಳುತ್ತಿದ್ದುದರಿಂದ ಯಾರಿಗೂ ಸಂಶಯ ಬರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಅಷ್ಟರಲ್ಲಿ, 1970ರ ದಶಕದಲ್ಲೇ, ರಾಜಸ್ಥಾನದ ಅಬು ಬೆಟ್ಟದಲ್ಲಿ ಮುಸುವಗಳ ಗುಂಪುಗಳನ್ನು ಅಧ್ಯಯನ ಮಾಡಿದ ಸಾರಾ ಹರ್ಡಿ, ಹೆಣ್ಣು ಮುಸುವಗಳು ತಮ್ಮ ಗುಂಪಿನ ಹೊರಗಿನ ಗಂಡುಗಳನ್ನೂ ತಾವಾಗಿಯೇ ಕರೆದು ಕೂಡುವುದನ್ನು ಕಂಡು ದಾಖಲಿಸಿದ್ದರು.

ಕಂಡದ್ದನ್ನು ಮುಚ್ಚಿಟ್ಟ ಇತಿಹಾಸವೂ ಇದೆ. ಸ್ಕಾಟ್ ಅವರ ದಕ್ಷಿಣ ಧ್ರುವ ಯಾತ್ರೆಯ ತಂಡದಲ್ಲಿದ್ದ ವೈದ್ಯ ಜಾರ್ಜ್ ಮರ್ರೆ ಲೆವಿಕ್ 1911-12ರಲ್ಲಿ ಕೇಪ್ ಅಡೇರ್‌ನಲ್ಲಿ ಅಡೇಲಿ ಪೆಂಗ್ವಿನ್‌ಗಳನ್ನು ಗಮನಿಸುತ್ತಿದ್ದಾಗ, ಗಂಡು ಗಂಡಿನೊಡನೆ ಕೂಡುವುದನ್ನೂ ಸತ್ತ ಹೆಣ್ಣುಗಳನ್ನು ಕೂಡಲು ಯತ್ನಿಸುವುದನ್ನೂ ಕಂಡರು. ಬೇರೆಯವರು ಓದಬಾರದೆಂದು ಆ ಭಾಗಗಳನ್ನು ಗ್ರೀಕ್ ಲಿಪಿಯಲ್ಲಿ ಬರೆದುಕೊಂಡರು. 1915ರಲ್ಲಿ ಆ ಟಿಪ್ಪಣಿ ಪ್ರಕಟಣೆಗಲ್ಲ ಎಂಬ ಸೂಚನೆಯೊಂದಿಗೆ ನೂರು ಪ್ರತಿಗಳಷ್ಟೇ ಅಚ್ಚಾಗಿ, ಸಾರ್ವಜನಿಕರ ಕೈಗೆ ಬಂದದ್ದು 2012ರಲ್ಲಿ. ನಡುವಿನ ಅಷ್ಟೂ ವರ್ಷ ಪೆಂಗ್ವಿನ್ ಎಂದರೆ ಆದರ್ಶ ದಾಂಪತ್ಯದ ಹಕ್ಕಿಯೆಂದೇ ಜನಪ್ರಿಯ ಬರಹಗಳು ಹಾಡಿ ಹೊಗಳಿದವು. ಟಿಪ್ಪಣಿ ಹೊರಬಂದ ವರ್ಷ ಅದೇ ಹಕ್ಕಿಯನ್ನು ದುರುಳನೆಂದು ಕರೆದವು. ಪೆಂಗ್ವಿನ್ ಆದರ್ಶವೂ ಅಲ್ಲ, ದುರುಳವೂ ಅಲ್ಲ. ಅನುಭವವಿಲ್ಲದ ಎಳೆಯ ಗಂಡುಗಳು ಹೆಣ್ಣಿನ ಭಂಗಿಯ ಸೂಚನೆಯನ್ನು ತಪ್ಪಾಗಿ ಗ್ರಹಿಸುತ್ತವೆ ಎಂಬುದು ಜೀವಶಾಸ್ತ್ರಜ್ಞರು ಕೊಡುವ ಸರಳ ವಿವರಣೆ.

ನಮ್ಮ ಪಶ್ಚಿಮಘಟ್ಟದ ಕಪ್ಪೆಗಳಿಗೂ ಇದೇ ಗತಿಯಾಯಿತು. ಬಾಂಬೆ ಇರುಳುಗಪ್ಪೆಯಲ್ಲಿ ಗಂಡು ಹೆಣ್ಣನ್ನು ತಬ್ಬಿ ಹಿಡಿಯದೆ, ಕೈಗಳನ್ನು ಎಲೆಯ ಮೇಲೋ ಕಾಂಡದ ಮೇಲೋ ಊರಿಕೊಂಡು ವೀರ್ಯವನ್ನು ಆಕೆಯ ಬೆನ್ನಿನ ಮೇಲೆ ಬಿಡುತ್ತದೆ, ಅದು ಇಳಿದು ಮೊಟ್ಟೆಗಳನ್ನು ಸೇರುತ್ತದೆ ಎಂದು ಎಸ್.ಡಿ. ಬಿಜು ಅವರ ತಂಡ 2016ರಲ್ಲಿ ವರದಿ ಮಾಡಿತು. ದೇಶವಿದೇಶಗಳ ಪತ್ರಿಕೆಗಳು ವಾತ್ಸ್ಯಾಯನನ ಹೆಸರು ಹಿಡಿದು ಹೊಸ ಭಂಗಿಯೆಂದು ಕಚಗುಳಿಯ ಶೀರ್ಷಿಕೆ ಕೊಟ್ಟವು. ಅದೇ ವರದಿಯಲ್ಲಿ, ಕಪ್ಪೆಗಳಲ್ಲಿ ತೀರಾ ಅಪರೂಪವಾದ ಹೆಣ್ಣಿನ ಕೂಗನ್ನು ದಾಖಲಿಸಿದ್ದ ಸಂಗತಿಗೆ ಸಿಕ್ಕಿದ ಜಾಗ ಅತ್ಯಲ್ಪ. ಉತ್ತರ ಕನ್ನಡದ ಕತ್ತಲೆಕಾನಿನಂಥ ಜೌಗು ಕಾಡುಗಳಲ್ಲಿ ಬದುಕುವ ಕುಂಬಾರ ಕಪ್ಪೆಯನ್ನು ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಜಗತ್ತಿಗೆ ಪರಿಚಯಿಸಿದರು. ಹೊಳೆಯಂಚಿನ ಕಡ್ಡಿಗೆ ಅಂಟಿಸಿದ ಮೊಟ್ಟೆಗಳಿಗೆ ಗಂಡು ಕಪ್ಪೆ ಹಿಂಗಾಲುಗಳ ಮೇಲೆ ನಿಂತು, ಮುಂಗೈಗಳಿಂದ ಕೆಸರು ತಂದು ತಂದು ಮೆತ್ತುತ್ತದೆ. ನಮ್ಮ ಜಿಲ್ಲೆಗಳ ನೀರಿನಲ್ಲೇ ಕಾಣಸಿಗುವ ಈ ಗಂಡಿನ ಆರೈಕೆ ಎಷ್ಟು ಲೇಖನಗಳಲ್ಲಿ ‘ಗಂಡಿನ ಸ್ವಭಾವ’ಕ್ಕೆ ಉದಾಹರಣೆಯಾಗಿದೆ? ಹಾಗೆಂದು ಕಪ್ಪೆಯನ್ನು ತೋರಿಸಿ ಅಪ್ಪಂದಿರಿಗೆ ಬುದ್ಧಿ ಹೇಳಬೇಕು ಎನ್ನುವುದೂ ನನ್ನ ವಾದವಲ್ಲ. ತೃತೀಯಲಿಂಗಿಗಳ ಪರವಾಗಿ ಬರೆಯುವವರು ಕ್ಲೌನ್ ಮೀನು ಗಂಡಿನಿಂದ ಹೆಣ್ಣಾಗುವುದನ್ನು ಆಧಾರವಾಗಿ ಕೊಡುವಾಗಲೂ ನನಗೆ ಇದೇ ಕಳವಳ. ಆ ಮೀನಿನ ಜೀವನಕ್ರಮ ನಿಜ. ಆದರೆ 2021ರಲ್ಲಿ ಕರ್ನಾಟಕ ಸರ್ಕಾರಿ ನೇಮಕಾತಿಗಳಲ್ಲಿ ತೃತೀಯಲಿಂಗಿಗಳಿಗೆ ಶೇ 1ರ ಮೀಸಲಾತಿ ಬಂದದ್ದು ಅವರು ಈ ನಾಡಿನ ಪ್ರಜೆಗಳು ಎಂಬ ಕಾರಣಕ್ಕೆ.

ಹಾರ್ಮೋನುಗಳ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ. ಟೆಸ್ಟೊಸ್ಟೆರಾನ್ ಎಂದರೆ ಗಂಡಿನದು ಎಂದು ಬರೆಯುತ್ತಾರೆ. ಅದು ಹೆಂಗಸರ ಅಂಡಾಶಯದಲ್ಲೂ ಅಡ್ರಿನಲ್ ಗ್ರಂಥಿಯಲ್ಲೂ ತಯಾರಾಗುತ್ತದೆ, ಈಸ್ಟ್ರೊಜೆನ್ನಿನ ಒಂದು ಮುಖ್ಯ ರೂಪ ಹುಟ್ಟುವುದೇ ಅದರಿಂದ. ಆಕ್ಸಿಟೋಸಿನ್ ಪ್ರೇಮದ ಹಾರ್ಮೋನ್ ಎಂದು ಹೆಸರಾದದ್ದು ಪ್ರೇಯರಿ ವೋಲ್ ಎಂಬ ಇಲಿಯಂಥ ಪ್ರಾಣಿಯ ಜೋಡಿಬದುಕಿನ ಅಧ್ಯಯನಗಳಿಂದ. 2023ರಲ್ಲಿ, ಆಕ್ಸಿಟೋಸಿನ್ ಗ್ರಾಹಕವೇ (ಅದರ ಸಂದೇಶವನ್ನು ಹಿಡಿದುಕೊಳ್ಳುವ, ಜೀವಕೋಶದ ಮೇಲಿನ ಪ್ರೋಟೀನು) ಇಲ್ಲದಂತೆ ಹುಟ್ಟಿಸಿದ ವೋಲ್‌ಗಳೂ ಜೋಡಿಯಾಗಿ ಬದುಕುತ್ತವೆ ಎಂಬುದು ಪ್ರಕಟವಾಯಿತು. ಮೊದಲನೆಯದಕ್ಕೆ ಸಿಕ್ಕ ಪ್ರಚಾರದ ಒಂದು ಪಾಲೂ ಎರಡನೆಯದಕ್ಕೆ ಸಿಗಲಿಲ್ಲ.

ಸಲಿಂಗಾಕರ್ಷಣೆಯ ವಂಶವಾಹಿಯ, ಅಂದರೆ ಜೀನ್‌ನ, ಕಥೆ ಹೆಚ್ಚು ಗಂಭೀರವಾದದ್ದು. 1993ರಲ್ಲಿ ಅಮೆರಿಕದ ಡೀನ್ ಹ್ಯಾಮರ್ ತಂಡ 40 ಜೋಡಿ ಸಲಿಂಗಿ ಸಹೋದರರನ್ನು ಪರೀಕ್ಷಿಸಿ, 33 ಜೋಡಿಗಳಲ್ಲಿ ಎಕ್ಸ್ ವರ್ಣತಂತುವಿನ ತುದಿಯ ಒಂದು ಭಾಗದ ಗುರುತುಗಳು ಸಮಾನವಾಗಿವೆ ಎಂದು ತಿಳಿಸಿತು. ಅದು ಒಂದು ಭಾಗ, ಒಂದು ಜೀನ್ ಅಲ್ಲ. ಆದರೂ ಜಗತ್ತಿನ ತುಂಬ ಸಲಿಂಗಿ ಜೀನ್ ಸಿಕ್ಕಿತೆಂಬ ಸುದ್ದಿ ಹರಡಿತು. 1999ರಲ್ಲಿ ಕೆನಡಾದ ಸಂಶೋಧಕರಿಗೆ ಅದೇ ಫಲಿತಾಂಶ ಸಿಗಲಿಲ್ಲ. 2019ರಲ್ಲಿ ಆಂಡ್ರಿಯಾ ಗಾನ್ನಾ ಮತ್ತು ಸಂಗಡಿಗರು 4.77 ಲಕ್ಷ ಜನರ ಮಾಹಿತಿಯನ್ನು ಜಾಲಾಡಿ, ಡಿಎನ್ಎಯಲ್ಲಿ ಅಲ್ಪ ಪರಿಣಾಮ ಬೀರುವ ಐದು ತಾಣಗಳನ್ನು ಗುರುತಿಸಿದರು. ಎಲ್ಲ ಆನುವಂಶಿಕ ವ್ಯತ್ಯಾಸಗಳನ್ನೂ ಒಟ್ಟಿಗೆ ಹಿಡಿದರೆ ಈ ನಡವಳಿಕೆಯಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಶೇ 8ರಿಂದ 25ರಷ್ಟನ್ನು ಅವು ವಿವರಿಸಬಲ್ಲವು, ಆದರೆ ಯಾವೊಬ್ಬ ವ್ಯಕ್ತಿಯ ಬಗ್ಗೆಯೂ ಅದರಿಂದ ಭವಿಷ್ಯ ಹೇಳಲಾಗದು ಎಂದರು. ಅಧ್ಯಯನಕ್ಕೆ ಒಳಪಟ್ಟವರು ಯುರೋಪ್ ಮೂಲದವರು. ಅವರನ್ನು ಕೇಳಿದ್ದು ತಮ್ಮದೇ ಲಿಂಗದವರೊಡನೆ ಎಂದಾದರೂ ಕೂಡಿದ್ದೀರಾ ಎಂದು. ಒಲವು, ಗುರುತು, ಬಯಕೆ ಇವೆಲ್ಲವನ್ನೂ ಅಂಥ ಒಂದು ಪ್ರಶ್ನೆ ಅಳೆಯಲಾರದು.

ಈ ಬಾರಿ ಪತ್ರಿಕೆಗಳ ಶೀರ್ಷಿಕೆ ‘ಸಲಿಂಗಿ ಜೀನ್ ಇಲ್ಲ’ ಎಂದಾಯಿತು. ಓದಿದವರು ಇದರಿಂದ ತೆಗೆದ ಅರ್ಥವೆಂದರೆ, ಹಾಗಾದರೆ ಇದು ಹುಟ್ಟಿನಿಂದ ಬಂದದ್ದಲ್ಲ, ಚಟ, ಬಿಡಿಸಬಹುದು ಎಂದು. ಒಂದು ಜೀನ್ ಇಲ್ಲ ಎಂದರೆ ಜೈವಿಕ ಪಾತ್ರವೇ ಇಲ್ಲ ಎಂದಲ್ಲ. ನಮ್ಮ ಎತ್ತರಕ್ಕೂ ಒಂದೇ ಜೀನ್ ಇಲ್ಲ, ಹಾಗೆಂದು ಯಾರೂ ಎತ್ತರವನ್ನು ಚಟ ಎನ್ನುವುದಿಲ್ಲ. ಇದೇ ಮಾಹಿತಿಯನ್ನು ಬಳಸಿ, ಡಿಎನ್ಎ ವರದಿ ಕೊಟ್ಟರೆ ನೀವೆಷ್ಟು ಸಲಿಂಗಿ ಎಂದು ಹೇಳುತ್ತೇವೆನ್ನುವ ಒಂದು ಆ್ಯಪ್ ಕೂಡ ಮಾರುಕಟ್ಟೆಗೆ ಬಂತು. ವಿಜ್ಞಾನಿಗಳು ಪ್ರತಿಭಟಿಸಿದ ಮೇಲೆ ಅದನ್ನು ತೆಗೆಯಲಾಯಿತು. ನಮ್ಮಲ್ಲಿ ಇದರ ಬಿಸಿ ತಟ್ಟುವುದು ಮಕ್ಕಳಿಗೆ. ಹದಿನೆಂಟರ ಮಗನನ್ನು ‘ಸರಿಮಾಡಿಸಲು’ ಒಬ್ಬ ವೈದ್ಯರಿಂದ ಇನ್ನೊಬ್ಬರಲ್ಲಿಗೆ, ಅಲ್ಲಿಂದ ಮಾಂತ್ರಿಕನ ಬಳಿಗೆ ಕರೆದೊಯ್ಯುವ ತಂದೆತಾಯಿ ಕೆಟ್ಟವರಲ್ಲ. ತಾವು ಓದಿದ್ದನ್ನು ನಂಬಿದವರು. ಸಲಿಂಗಾಕರ್ಷಣೆ ಕಾಯಿಲೆಯಲ್ಲ ಎಂದು ಭಾರತೀಯ ಮನೋವೈದ್ಯರ ಸಂಘ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಅದೇ ವರ್ಷದ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ಸಮ್ಮತಿಯ ಸಂಬಂಧವನ್ನು ಆಗಿನ ಭಾರತೀಯ ದಂಡ ಸಂಹಿತೆಯ 377ನೆಯ ಸೆಕ್ಷನ್ನಿನ ಹಿಡಿತದಿಂದ ಬಿಡಿಸಿತು. ಒಲವನ್ನು ಬದಲಾಯಿಸುವ ಚಿಕಿತ್ಸೆ ವೃತ್ತಿದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ರಾಜ್ಯಗಳ ವೈದ್ಯಕೀಯ ಪರಿಷತ್ತುಗಳಿಗೆ ತಿಳಿಸಿದೆ. ಜೀನ್ ಸಿಕ್ಕಿದರೂ ಸಿಗದಿದ್ದರೂ ಈ ಮಾತುಗಳು ಬದಲಾಗುವುದಿಲ್ಲ. ಜೀನ್ ಸುದ್ದಿ ಅಚ್ಚಾಗುವ ದಿನ ಅದರ ಕೆಳಗೆ ಈ ಮೂರು ಸಂಗತಿಗಳಿಗೆ ಒಂದು ಪುಟ್ಟ ಚೌಕಟ್ಟು ಮೀಸಲಿಟ್ಟರೆ ಎಷ್ಟೋ ಮನೆಗಳಿಗೆ ಉಪಕಾರವಾಗುತ್ತದೆ.

ಸುದ್ದಿಸಂಸ್ಥೆಗಳಿಂದ ಬಂದದ್ದನ್ನು ರಾತ್ರಿ ಪಾಳಿಯಲ್ಲಿ ಅವಸರದಿಂದ ಕನ್ನಡಕ್ಕೆ ತರುವ ಉಪಸಂಪಾದಕರ ಕಷ್ಟ ನನಗೆ ಅರ್ಥವಾಗುತ್ತದೆ. ಲೇಖನದಲ್ಲಿ ಎಚ್ಚರಿಕೆಯ ಮಾತಿದ್ದರೂ ಶೀರ್ಷಿಕೆ ಕೊಡುವವರು ಬೇರೆ, ಚಿತ್ರ ಆರಿಸುವವರು ಬೇರೆ ಎಂಬುದೂ ಗೊತ್ತಿದೆ. ಆದರೂ ಅಧ್ಯಯನ ನಡೆದದ್ದು ನೊಣದ ಮೇಲೋ ಇಲಿಯ ಮೇಲೋ ಮನುಷ್ಯರ ಮೇಲೋ, ಎಷ್ಟು ಜನರ ಮೇಲೆ, ಯಾವ ದೇಶದಲ್ಲಿ, ಇದಕ್ಕೆ ಮೊದಲು ಬೇರೆಯವರು ಇದನ್ನು ಕಂಡಿದ್ದಾರೆಯೇ ಎಂಬಷ್ಟನ್ನು ಮೊದಲ ಎರಡು ಪರಿಚ್ಛೇದಗಳಲ್ಲಿ ಹೇಳಲು ಹೆಚ್ಚು ಜಾಗ ಬೇಡ. ಮೈಸೂರು, ಧಾರವಾಡ, ಮಂಗಳೂರು, ಶಿವಮೊಗ್ಗಗಳ ವಿಶ್ವವಿದ್ಯಾಲಯಗಳಲ್ಲಿ ಪ್ರಾಣಿಶಾಸ್ತ್ರವನ್ನೂ ಅನ್ವಯಿಕ ಜೀವವಿಜ್ಞಾನಗಳನ್ನೂ ಕಲಿಸುವವರು, ಬೆಂಗಳೂರಿನ ಸಂಶೋಧನಾ ಸಂಸ್ಥೆಗಳಲ್ಲಿ ಕೆಲಸ ಮಾಡುವ ಕನ್ನಡಿಗರು ಅನೇಕರಿದ್ದಾರೆ. ಫೋನ್ ಮಾಡಿ ಕೇಳಿದರೆ ಸಂತೋಷದಿಂದ ಓದಿ ತಿದ್ದಿಕೊಡುತ್ತಾರೆ. ಎಲ್ಲಕ್ಕಿಂತ ಮೊದಲು, ಗಂಡು ಮಗುವಿಗಾಗಿ ಯಾವ ದಿನ ಕೂಡಬೇಕು ಎಂಬ ಪ್ರಶ್ನೆ ಓದುಗರ ಅಂಕಣಕ್ಕೆ ಇನ್ನೊಮ್ಮೆ ಬಂದಾಗ, ಅದಕ್ಕೆ ದಿನದ ಲೆಕ್ಕ ಕೊಡದೆ, ಅಂಥ ಲೆಕ್ಕವೇ ಇಲ್ಲ ಎಂದು ತಮ್ಮ ವೈದ್ಯ ಅಂಕಣಕಾರರಿಂದ ಎದ್ದುಕಾಣುವ ಅಕ್ಷರಗಳಲ್ಲಿ ಉತ್ತರ ಬರೆಸಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕಿ, ಶಿವಮೊಗ್ಗ